ಗೋರಿಗುಡ್ಡದ ಕಾವಲು

ಓಮುತಾತಿ
14 ಮಾರ್ಚ್ 1987

ವೆಂಗಪಿ,

ಕಾಗದ ತರುವ ಲಾರಿ ಎರಡು ಸಲ ಬಂದು ಹೋಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ನಮ್ಮಮ್ಮ ಆಗಲೇ ಶುರುಮಾಡಿದ್ದಾಳೆ. "ಸಮುದ್ರದ ಊರಿಗೆ ಹೋದ ಹುಡ್ಗಿ, ಇನ್ನು ನಮ್ಮ ನೆನಪೆಲ್ಲಿರುತ್ತೆ?" ಅನ್ನುತ್ತಾಳೆ. ನಾನು ನಿನ್ನ ಪರವಾಗಿಯೇ ಮಾತಾಡಿದೆ. "ದಿನವಿಡೀ ಮೀನು ಡಬ್ಬಿಗೆ ತುಂಬೋಳು. ಕೈ ವಾಸನೆ ತೊಳೆಯೋ ಹೊತ್ತಿಗೇ ಬೆಳಗಾಗಿರುತ್ತೆ. ಕಾಗದ ಯಾವಾಗ ಬರೀತಾಳೆ?" ಅಂದೆ. ಸೋದರತ್ತೆಯ ಮಗ ಇಷ್ಟಾದರೂ ಮಾಡಬೇಕಲ್ಲ.

ಕೆಟ್ಟ ಸುದ್ದಿ ಇದೆ. ಹರಕುಕಿವಿ ಸತ್ತಳು. ನೀನು ಆಡು ಕಾಯುತ್ತಿದ್ದಾಗ ನದಿದಂಡೆಯ ಅನಾ ಜಾಲಿಮರ ಅಲ್ಲಾಡಿಸಿ ಕಾಯಿ ಉದುರಿಸಿ, ನಿನ್ನ ಆಡುಗಳು ಹೊಟ್ಟೆ ತುಂಬಿಸಿಕೊಳ್ಳುವವರೆಗೂ ಸುಮ್ಮನೆ ನಿಂತಿರುತ್ತಿದ್ದಳಲ್ಲ, ಆ ಮುದಿ ಆನೆಯೇ. ಹಿಂಡಿನ ಯಜಮಾನಿ ಹೋದಳು. ನದಿಯಿಂದ ಪಡುವಣಕ್ಕೆ ಹೋಗುವ ಕೊರಕಲಿನಲ್ಲಿ ಬಿದ್ದಿದ್ದಾಳೆ. ನಾನು ನೋಡುವ ಹೊತ್ತಿಗೆ ಕತ್ತೆಕಿರುಬಗಳು ತಿಂದು ಮುಗಿಸಿ, ಉಳಿದ ಚರ್ಮ ಬಿಸಿಲಿಗೆ ಒಣಗಿ ಹಲಗೆಯಾಗಿತ್ತು. ಸತ್ತು ಒಂದು ತಿಂಗಳ ಮೇಲಾಗಿರಬೇಕು. ಎರಡು ದಂತವೂ ಇಲ್ಲ. ಗಂಡು ಹೆಣ್ಣು ಎನ್ನದೆ ಎಲ್ಲಕ್ಕೂ ದಂತ ಕೊಟ್ಟಿರುವುದೇ ಈ ಪ್ರಾಣಿಗಳಿಗೆ ಮುಳುವಾಗಿದೆ.

ನನ್ನ ತಲೆ ಕೆಡಿಸಿರುವುದು ಇನ್ನೊಂದು. ಬುರುಡೆಯ ಮೇಲೆ ಒಂದೇ ಒಂದು ಕೊಡಲಿಯ ಏಟಿಲ್ಲ. ಕಳ್ಳಬೇಟೆಯವನಿಗೆ ಯಾವಾಗಲೂ ಅವಸರ. ಕೊಂದ ತಕ್ಷಣ ಮುಖ ಕೊಚ್ಚಿ ದಂತ ಕಿತ್ತು ಓಡುತ್ತಾನೆ. ಇಲ್ಲಿ ಯಾರೋ ಮಾಂಸ ಕೊಳೆತು ದಂತ ತಾನಾಗಿ ಸಡಿಲವಾಗುವವರೆಗೆ ಕಾದಿದ್ದಾರೆ, ಆಮೇಲೆ ಕೈಯಲ್ಲೇ ಎಳೆದು ತೆಗೆದಿದ್ದಾರೆ. ಹಾಗೆ ಕಾಯುವವನು ಹೊರಗಿನವನಲ್ಲ. ಇಲ್ಲೇ ಮನೆಯಿರುವವನು, ಯಾರ ಹೆದರಿಕೆಯೂ ಇಲ್ಲದವನು.

ಏನಾದರೂ ಕಂಡರೆ ಮೊದಲು ಮಾವನಿಗೆ, ಆಮೇಲೆ ಕಾಡುಪ್ರಾಣಿಗಳ ಆಫೀಸಿಗೆ ಎಂದು ನಮ್ಮ ಆನೆ ಕಾವಲಿನ ಕಟ್ಟಳೆ. ಊರಿನ ನಾಯಕರಾಗಿ ನಿಮ್ಮಪ್ಪನೇ ನನ್ನನ್ನು ಈ ಕೆಲಸಕ್ಕೆ ಹಾಕಿದ್ದು, ಆದ್ದರಿಂದ ಹೋಗಿ ಹೇಳಿದೆ. ಹಿರಿಯರ ಹೆಸರಲ್ಲಿ ಆರದಂತೆ ಉರಿಸುವ ಬೆಂಕಿಯ ಪಕ್ಕ ಕೂತಿದ್ದರು. ನನ್ನ ಕಡೆ ನೋಡಲೂ ಇಲ್ಲ. "ಮುದುಕಿ ಆಗಿದ್ಲು, ಹೋದ್ಲು. ಆಫೀಸಿಗೆ ಹೇಳೋಕೆ ಅವಸರ ಏನಿಲ್ಲ" ಅಂದರು. ದಂತ ಏನಾಯಿತು ಎಂದು ಕೇಳಲಿಲ್ಲ.

ಅಂದಹಾಗೆ, ಫೆಬ್ರವರಿಯಲ್ಲಿ ಮಾವ ಆ ಕಡೆ ಬಂದಿದ್ದರಾ? ಕೆಲವು ದಿನ ಊರಲ್ಲಿರಲಿಲ್ಲ, ಸೆಸ್ಫಾಂಟೈನ್ ಪೇಟೆಗೆ ಹೋಗಿದ್ದೆ ಅಂದರು. ಸುಮ್ಮನೆ ಕೇಳಿದೆ. ನೀನಿರುವ ಊರಲ್ಲಿ ದಂತ ಕೊಳ್ಳುವವರು ಯಾರಾದರೂ ಇದ್ದಾರೆಂದು ನಿನ್ನ ಕಿವಿಗೆ ಬಿದ್ದಿದೆಯಾ?

ಆಡು ವ್ಯಾಪಾರಿಯ ಕೈಯಲ್ಲಿ ನಿನಗೊಂದು ಬಟ್ಟೆ ಕಳಿಸಿದ್ದೇನೆ. ನಮ್ಮಮ್ಮ ನಮ್ಮಿಬ್ಬರ ಮಾತನ್ನು ನಿಮ್ಮಪ್ಪನ ಹತ್ತಿರ ಎತ್ತಿದ್ದಾಳೆ. "ಹುಡ್ಗಿ ಹೂಂ ಅಂದ್ರೆ ನಂದೇನೂ ಅಡ್ಡಿ ಇಲ್ಲ" ಅಂದರಂತೆ. ಹುಡುಗಿ ಏನನ್ನುತ್ತಾಳೆ?

ಮುತಾಂಬೊ


ವಾಲ್ವಿಸ್ ಬೇ
2 ಏಪ್ರಿಲ್ 1987

ಬಾವ,

ವಾಸನೆಯ ವಿಷಯ ನೀನು ಎತ್ತಬೇಡ. ಆನೆ ಲದ್ದಿ ಒಡೆದು ಮೂಸಿ ನೋಡುವವನಿಗೆ ಮೀನಿನ ಬಗ್ಗೆ ಮಾತಾಡುವ ಬಾಯಿಲ್ಲ.

ಹರಕುಕಿವಿಯ ಸುದ್ದಿ ಓದಿ ಅತ್ತುಬಿಟ್ಟೆ. ಪಕ್ಕದ ಹಾಸಿಗೆಯ ಹುಡುಗಿ, "ಯಾರು ತೀರ್ಕೊಂಡ್ರು?" ಎಂದು ಕೇಳಿದಳು. ನಮ್ಮೂರಿನ ಒಬ್ಬ ಅಜ್ಜಿ ಅಂದೆ. ಸುಳ್ಳೇನಲ್ಲವಲ್ಲ.

ಅಪ್ಪ ಇಲ್ಲಿಗೆ ಬಂದಿಲ್ಲ. ಬರುವುದಾದರೆ ನಿನಗೆ ಹೇಳದೆ ಬರುತ್ತಿದ್ದನಾ? ಸೆಸ್ಫಾಂಟೈನ್‌ಗೆ ಹೋಗಿದ್ದೆ ಅಂದಿದ್ದರೆ ಅಲ್ಲಿಗೇ ಹೋಗಿರುತ್ತಾನೆ. ಅವನನ್ನು ಅವನ ಪಾಡಿಗೆ ಬಿಡು.

ಬಟ್ಟೆ ತಲುಪಿತು. ಆ ವ್ಯಾಪಾರಿಯೇ ಕಾರ್ಖಾನೆಯ ಗೇಟಿಗೆ ತಂದು ಕೊಟ್ಟ. "ನಿಮ್ ಬಾವ ಕಳ್ಸಿದ್ದು, ನಾವಿಬ್ರೂ ಒಳ್ಳೇ ದೋಸ್ತಿಗಳು" ಅಂದು ಹಲ್ಲು ಕಿರಿದ. ಬಿಚ್ಚಿ ನೋಡಿದರೆ ಉದ್ದ ನಿಲುವಂಗಿ, ಅದರೊಳಗಿನ ಲಂಗಗಳು, ದನದ ಕೊಂಬಿನ ಹಾಗೆ ಎರಡು ಕಡೆ ಚಾಚುವ ನಮ್ಮ ಪೇಟ ಎಲ್ಲವನ್ನೂ ಹೊಲಿಸಿ ಮಿಗುವಷ್ಟಿದೆ. ಮದುವೆಗೆ ಉಡುವಂಥದ್ದು. ಹುಡುಗಿಯರೆಲ್ಲ ಮುಟ್ಟಿ ಮುಟ್ಟಿ ನೋಡಿದರು. ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಆಮೇಲೆ ಯೋಚನೆ ಬಂತು. ನಿನಗೆ ಸಂಬಳ ಎಂದು ಕೊಡುವುದು ಹಿಟ್ಟು, ಸಕ್ಕರೆ, ಒಂದಿಷ್ಟು ಚಹಾಪುಡಿ. ಈ ಬಟ್ಟೆ ಎಲ್ಲಿಂದ ಬಂತು ಬಾವ?

ಇಲ್ಲಿ ಉತ್ತರದಿಂದ ಬಂದ ಹೆಂಗಸರು ಒಂದು ಮಾತಾಡುತ್ತಾರೆ. ಯಾವುದೋ ನದಿಯ ಕಾವಲುಗಾರನೇ ದಂತ ಮಾರಿ ಸಿಕ್ಕಿಬಿದ್ದನಂತೆ. ಯಾವ ನದಿ ಎಂದು ಯಾರಿಗೂ ಗೊತ್ತಿಲ್ಲ. ಅದೇ ವಾರ ನಿನ್ನ ಕಾಗದ ಬರುತ್ತದೆ, ದಂತ ಕೊಳ್ಳುವವರು ಯಾರಾದರೂ ಇದ್ದಾರಾ ಎಂದು ಕೇಳುತ್ತೀಯ. ನೀನು ತಮಾಷೆಗೂ ಹಾಗೆಲ್ಲ ಬರೆಯಬೇಡ.

ಹುಡುಗಿ ಏನನ್ನುತ್ತಾಳೆ ಅಂದೆಯಲ್ಲ. ಹುಡುಗಿ ಬಟ್ಟೆಯನ್ನು ಇನ್ನೂ ಕತ್ತರಿಸಿಲ್ಲ.

ವೆಂಗಪಿ


ಓಮುತಾತಿ
27 ಏಪ್ರಿಲ್ 1987

ವೆಂಗಪಿ,

ಬಟ್ಟೆ ಬೇಡವಾದರೆ ವಾಪಸ್ ಕಳಿಸು. ಎಲ್ಲಿಂದ ಬಂತು ಎಂದು ಹೇಳಿ ನಿನ್ನ ಹತ್ತಿರ ಹಲ್ಲು ಗಿಂಜುವುದಿಲ್ಲ.

ಮಾವ ಅಲ್ಲಿಗೆ ಬಂದಿಲ್ಲ ಎಂದು ಬರೆದೆಯಲ್ಲ. ಸರಿ. ಲಾರಿ ಓಡಿಸುವ ಕೆಫಾಸ್ ಮೊನ್ನೆ ಬೇರೆಯೇ ಏನೋ ಹೇಳಿದ. ಅವನು ಕುಡಿದಿರಲಿಲ್ಲ. ಆದರೂ ನಾನು ನಿನ್ನ ಮಾತನ್ನೇ ನಂಬಬೇಕು, ಅಲ್ಲವಾ?

ಹಿಂಡಿನ ವಿಷಯ ಕೇಳು. ಹರಕುಕಿವಿಯ ಹಿರಿಮಗಳು ಒಂಟಿದಂತ ಈಗ ಮುಂದಾಳು. ಹಿಂಡನ್ನು ಮೇಲಿನ ಚಿಲುಮೆಗೆ ಕರೆದುಕೊಂಡು ಹೋಗಿದ್ದಾಳೆ. ಅಮ್ಮನ ಹಿಂದೆ ನಡೆದು ಕಲಿತ ದಾರಿ, ಒಂದು ಹೆಜ್ಜೆಯೂ ತಪ್ಪಿಲ್ಲ. ಇನ್ನೊಬ್ಬಳು ಮರಿ ಹಾಕಿದ್ದಾಳೆ. ಮರಿಯ ಸೊಂಡಿಲು ಅದರ ಮಾತೇ ಕೇಳುವುದಿಲ್ಲ, ತುಳಿದುಕೊಂಡು ಮುಗ್ಗರಿಸುತ್ತದೆ. ಆ ದೊಡ್ಡ ಬರಗಾಲ ಕಳೆದ ಮೇಲೆ ನಮ್ಮ ನದಿಯಲ್ಲಿ ಬದುಕಿದ ಮೊದಲನೇ ಮರಿ ಅದು. ಬಿಸಿಲಲ್ಲಿ ಅದನ್ನು ಹೊಟ್ಟೆಯ ಕೆಳಗೆ ನಿಲ್ಲಿಸಿಕೊಂಡು ಒಬ್ಬೊಬ್ಬರೇ ಸರದಿಯ ಮೇಲೆ ನೆರಳು ಕೊಡುತ್ತಿದ್ದರು. ನೋಡುತ್ತ ನೋಡುತ್ತ ನನ್ನ ಮನಸ್ಸೂ ಸ್ವಲ್ಪ ತಣ್ಣಗಾಗಿತ್ತು.

ಮನೆಗೆ ಬಂದರೆ ಇನ್ನೊಂದು ಕಂಡಿತು. ಮಾವ ಮತ್ತು ನಮ್ಮಮ್ಮ, ಅಣ್ಣತಂಗಿ ಇಬ್ಬರೇ, ಎರಡು ಕತ್ತೆ ಹೊಡೆದುಕೊಂಡು ಗೋರಿಗುಡ್ಡದ ಕಡೆಯಿಂದ ಬರುತ್ತಿದ್ದರು. ಕತ್ತೆಗಳ ಬೆನ್ನು ಖಾಲಿ. ಹೋಗುವಾಗ ಖಾಲಿ ಇರಲಿಲ್ಲ ಎಂದು ಗೊರಸಿನ ಗುರುತೇ ಹೇಳುತ್ತಿತ್ತು, ಮರಳಲ್ಲಿ ಆಳವಾಗಿ ಇಳಿದಿತ್ತು. ಎಲ್ಲಿಗೆ ಹೋಗಿದ್ದೆ ಅಂದರೆ ಅಮ್ಮ, "ಆಡಿಗೆ ಅನಾ ಕಾಯಿ ತರೋಣ ಅಂತ. ಸಿಗ್ಲಿಲ್ಲ" ಅಂದಳು. ಗೋರಿಗುಡ್ಡದ ಮೇಲೆ ಯಾವ ಮರ ಇದೆ ಹೇಳು ನೋಡೋಣ. ಹುಟ್ಟಿದಾಗಿನಿಂದ ನನಗೆ ಸುಳ್ಳು ಹೇಳದ ಅಮ್ಮ ಮುಖ ಆ ಕಡೆ ತಿರುಗಿಸಿಕೊಂಡು ಹೇಳಿದಳು.

ಆಫೀಸಿಗೆ ಇನ್ನೂ ಹೇಳಿಲ್ಲ.

ಮುತಾಂಬೊ


ವಾಲ್ವಿಸ್ ಬೇ
19 ಮೇ 1987

ಬಾವ,

ಪ್ರತಿ ಕಾಗದದಲ್ಲೂ ಅಪ್ಪ, ಅಪ್ಪ, ಅಪ್ಪ. ಅವನ ಕತ್ತೆಯ ಗೊರಸು ಅಳೆಯುತ್ತ ಕೂತಿದ್ದೀಯ. ಹೇಳಬೇಕಾದ್ದನ್ನು ಹೇಳದೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುತ್ತೀಯ. ನಾನೇ ನೇರವಾಗಿ ಕೇಳುತ್ತೇನೆ. ನಮ್ಮ ಪದ್ಧತಿಯಂತೆ ಅಪ್ಪನ ದನಗಳೆಲ್ಲ ತಂಗಿಯ ಮಗನಾದ ನಿನಗೇ ಬರುವುದು. ಅವನು ತಾನಾಗಿ ಕಣ್ಣುಮುಚ್ಚುವವರೆಗೂ ಕಾಯುವುದಕ್ಕೆ ಆಗುವುದಿಲ್ಲವಾ? ಜೈಲಿಗೆ ಕಳಿಸಿಯೇ ಕೊಟ್ಟಿಗೆ ಎಣಿಸಬೇಕಾ?

ಬರೆದ ಮೇಲೆ ಹೊಡೆದುಹಾಕೋಣ ಅಂದುಕೊಂಡೆ. ಇರಲಿ, ಓದು. ನನಗೂ ನಿದ್ದೆ ಬರುತ್ತಿಲ್ಲ.

ನಿನ್ನ ದೋಸ್ತಿ ಮತ್ತೆ ಬಂದಿದ್ದ, ಆ ವ್ಯಾಪಾರಿ. ಪಾಳಿ ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಂತು, "ನಿಮ್ ಬಾವನ ಆನೆಗಳು ಈಗ ಮೇಲಿನ ಚಿಲುಮೆಲಿ ಅವೆ ಅಂತಲ್ಲಾ, ಹೌದಾ? ಮರಿ ಬೇರೆ ಆಗಿದೆಯಂತೆ" ಅಂದ. ನನಗೆ ಆನೆಯ ವಿಷಯ ಗೊತ್ತಿಲ್ಲ, ಮೀನು ಬೇಕಾದರೆ ಕೇಳು ಅಂದೆ. ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಮರಿಯ ವಿಷಯ ಅವನಿಗೆ ಯಾರು ಹೇಳಿದರು? ನನಗೆ ಬರೆದವನು ನೀನೊಬ್ಬನೇ.

ನೀನು ಅವನ ಜೊತೆ ಸೇರಿದ್ದೀಯ ಎಂದು ಹೇಳುತ್ತಿಲ್ಲ. ಸೇರಿಲ್ಲ ಎಂದು ನೀನು ಒಂದು ಸಲ ಬರೆ. ಸಾಕು.

ವೆಂಗಪಿ


ಓಮುತಾತಿ
10 ಜೂನ್ 1987

ವೆಂಗಪಿಗೆ,

ಬರೆಯುವುದಿಲ್ಲ. ಆನೆಯ ಹಿಂದೆ ನಡೆದು ನಡೆದು ಕಾಲು ಬೊಬ್ಬೆ ಬಂದವನು ನಾನು ಕಳ್ಳನಲ್ಲ ಎಂದು ಬರೆದುಕೊಡಬೇಕಾಗಿಲ್ಲ. ಬರೆಯಬೇಕಾದವರು ಬೇರೆಯವರಿದ್ದಾರೆ.

ಕೆಫಾಸ್ ಹೇಳಿದ್ದು ಇದು. ಫೆಬ್ರವರಿಯಲ್ಲಿ ಮಾವನನ್ನು ನಿನ್ನ ಬಾಗಿಲಲ್ಲೇ ಇಳಿಸಿದನಂತೆ. ನೀನು ಹೊರಗೆ ಬಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದೆಯಂತೆ. ನೀನು ನನಗೆ ಸುಳ್ಳು ಹೇಳಿದೆ. ಅಮ್ಮ ಸುಳ್ಳು ಹೇಳಿದಳು, ನೀನೂ ಹೇಳಿದೆ, ಇಬ್ಬರದೂ ಒಬ್ಬರಿಗೋಸ್ಕರ. ಯಾರಿಗೋಸ್ಕರ ಎಂದು ನಾನು ಬರೆಯುವುದಿಲ್ಲ. ಅವರು ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು.

ವ್ಯಾಪಾರಿ ನಿನ್ನ ಗೇಟಿಗೆ ಬಂದದ್ದು ಗೊತ್ತಾಗಿ ಎಲ್ಲ ಹೊಂದಿಕೊಂಡಿತು. ಚಿಲುಮೆ, ಮರಿ ಎಂದೆಲ್ಲ ಅವನು ಬೇಕೆಂದೇ ಅಂದಿದ್ದಾನೆ. ನೀನು ನನಗೆ ಬರೆಯುತ್ತೀಯ, ನಾನು ಹೆದರಿ ಚಿಲುಮೆಗೆ ಓಡುತ್ತೇನೆ, ಇಲ್ಲಿ ಗೋರಿಗುಡ್ಡದ ಕಡೆ ನೋಡುವವರು ಯಾರೂ ಇರುವುದಿಲ್ಲ ಎಂದು ಲೆಕ್ಕ. ಕಿತ್ತಿಟ್ಟ ದಂತ ಗೋರಿಯ ಕಲ್ಲಿನಡಿ ಇರುವಾಗ ಬದುಕಿರುವ ಆನೆಯ ಬೆನ್ನಿಗೆ ಯಾರು ಬೀಳುತ್ತಾರೆ? ಅವನು ಬರುವುದು ಇಲ್ಲಿಗೇ. ಬರಲಿ.

ನಾನು ಗುಡ್ಡದ ಮೇಲಿನ ಬಂಡೆಗಳ ನಡುವೆ ಬಿದ್ದುಕೊಂಡಿದ್ದೇನೆ. ಒಣಮಾಂಸ ಇದೆ, ನೀರಿದೆ. ಚಿಲುಮೆಯ ಕಡೆ ಸುತ್ತು ಹಾಕುವುದನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ಹಿರಿಯರ ಗೋರಿ ಬಗೆದು ನೋಡುವ ಧೈರ್ಯ ನನಗಿಲ್ಲ, ಯಾರಿಗೂ ಇಲ್ಲ. ಅದಕ್ಕೇ ಅಲ್ಲಿಟ್ಟಿದ್ದಾರೆ.

ಮಾವ ದಿನಾ ಸಂಜೆ ಬರುತ್ತಾರೆ. ಒಂದೊಂದೇ ಗೋರಿಯ ಕಲ್ಲನ್ನು ಕೈಯಿಂದ ಸವರಿ ಸವರಿ ನೋಡುತ್ತಾರೆ. ಇಟ್ಟದ್ದು ಇಟ್ಟಲ್ಲೇ ಇದೆಯಾ ಎಂದು ಇರಬೇಕು. ತುಂಬ ಹೊತ್ತು ಕೂತು ಏನೋ ಮಾತಾಡುತ್ತಾರೆ. ಹೋಗುವಾಗ ಸೋರೆಬುರುಡೆಯಲ್ಲಿ ಹಾಲು ಬಿಟ್ಟು ಹೋಗುತ್ತಾರೆ. ಅದು ಯಾರಿಗೆ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೇನೆ.

ನಿಮ್ಮಪ್ಪನನ್ನು ಹಿಡಿದುಕೊಡಬೇಕಾಗಿ ಬಂದರೆ ನಾನು ಅಲ್ಲಿಂದಲೇ ಎಲ್ಲಿಗಾದರೂ ಹೋಗಿಬಿಡುತ್ತೇನೆ. ದನ ನೀವೇ ಇಟ್ಟುಕೊಳ್ಳಿ.

ಮುತಾಂಬೊ


ವಾಲ್ವಿಸ್ ಬೇ
28 ಜೂನ್ 1987

ಬಾವ,

ಗುಡ್ಡ ಬಿಟ್ಟು ಇಳಿ. ಮೊದಲು ಅದನ್ನು ಮಾಡು, ಉಳಿದದ್ದನ್ನು ಆಮೇಲೆ ಓದು.

ಅಪ್ಪ ಬಂದಿದ್ದು ನಿಜ. ನಾನು ಸುಳ್ಳು ಹೇಳಿದೆ. ಕೈಹಿಡಿದು ಕರೆದುಕೊಂಡು ಹೋಗಿದ್ದೂ ನಿಜ, ಯಾಕೆಂದರೆ ಅವನಿಗೆ ಬಾಗಿಲು ಕಾಣಲಿಲ್ಲ. ಎರಡು ಕಣ್ಣಿಗೂ ಪೊರೆ ಬಂದಿದೆ. ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಆಗಸ್ಟ್‌ನಲ್ಲಿ ಬನ್ನಿ, ಕುಯ್ದು ತೆಗೆಯುತ್ತೇವೆ ಅಂದಿದ್ದಾರೆ.

ಯಾರಿಗೂ ಹೇಳಬೇಡ ಎಂದು ನನ್ನ ಕೈಹಿಡಿದು ಮಾತು ತೆಗೆದುಕೊಂಡ. "ದನದ ಬಣ್ಣ ಗುರ್ತು ಹಿಡಿಯೋಕೆ ಆಗ್ದೋನು ನಾಯಕ ಅಂತ ಹೆಂಗೆ ಕೂರೋದು ಮಗಳೇ? ಅದೂ ಮುತಾಂಬೊಗೆ ಬೇಡ. ಅವನು ಕರುಣೆ ತೋರ್ಸೋಕೆ ಶುರು ಮಾಡಿದ್ರೆ ನಂಗೆ ತಡ್ಕಳಕ್ಕಾಗಲ್ಲ" ಅಂದ. ನಿನ್ನ ಮುಖ ನೋಡಲಿಲ್ಲ ಎಂದು ಬರೆದೆಯಲ್ಲ. ಕಂಡಿದ್ದರೆ ನೋಡುತ್ತಿದ್ದ. ಈಗ ಕೊಂಬು ತಡವಿ, ಕೂಗು ಕೇಳಿ ದನ ಯಾವುದು ಎಂದು ಹೇಳುತ್ತಾನೆ. ಗೋರಿಯ ಕಲ್ಲು ಸವರುವುದು ತನ್ನ ಅಪ್ಪನದು ಯಾವುದು ಎಂದು ಹುಡುಕುವುದಕ್ಕೆ. ಎರಡು ಮಾರು ದೂರದ ಆಡು ಕಾಣದವನು ಆನೆಗೆ ಹೇಗೆ ಗುಂಡು ಹೊಡೆದಾನು?

ಅವನೂ ಅತ್ತೆಯೂ ಗೋರಿಗೆ ಏನು ಸಾಗಿಸಿದರೋ ನನಗೆ ಗೊತ್ತಿಲ್ಲ. ಹೋಗಿ ಕೇಳು. ಬಂಡೆಯ ಹಿಂದೆ ಬಿದ್ದುಕೊಳ್ಳುವ ಬದಲು ಎದುರಿಗೆ ಕೂತು ಬಾಯಿಬಿಟ್ಟು ಕೇಳು.

ನಾನು ಕೂಡ ನಿನ್ನನ್ನು ಕೇಳಬೇಕಿತ್ತು, ಚುಚ್ಚಿದೆ. ಜಗಳ ಆಮೇಲೆ ಆಡೋಣ. ಈ ಕಾಗದ ಸಿಕ್ಕ ಕೂಡಲೇ ಚಿಲುಮೆಗೆ ಹೋಗು. ವ್ಯಾಪಾರಿ ಹದಿನೈದು ದಿನದಿಂದ ಈ ಊರಲ್ಲಿಲ್ಲ. ಅವನ ಜೊತೆ ಇಬ್ಬರು ಬಂದೂಕಿನವರು ಹೋದರು ಎಂದು ಗೇಟಿನ ಕಾವಲಿನವನು ಹೇಳಿದ. ಕೆಫಾಸ್‌ನ ಕಾಲಿಗೆ ಬಿದ್ದು ಈ ಕಾಗದ ಕೊಡುತ್ತಿದ್ದೇನೆ, ಲಾರಿಯ ಅಚ್ಚು ಮುರಿದಿದೆಯಂತೆ, ರಿಪೇರಿ ಆದ ಕೂಡಲೇ ಹೊರಡುತ್ತಾನೆ.

ವೆಂಗಪಿ


ಓಮುತಾತಿ
16 ಜುಲೈ 1987

ವೆಂಗಪಿ,

ನಿನ್ನ ಕಾಗದ ಮೊನ್ನೆ ಬಂತು. ಅಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ಮೇಲಿನ ಕಣಿವೆಯ ಆಡು ಕಾಯುವವರು ಓಡಿಬಂದು ರಣಹದ್ದು ಇಳಿದಿವೆ ಅಂದರು. ನಾನು ಗುಡ್ಡದಿಂದಲೇ ಓಡಿದೆ, ಮಾರನೆಯ ದಿನ ಮಧ್ಯಾಹ್ನ ಮುಟ್ಟಿದೆ. ಒಂಟಿದಂತ ಚಿಲುಮೆಯ ಬಾಯಲ್ಲೇ ಬಿದ್ದಿದ್ದಳು, ಮುಂಗಾಲು ನೀರಲ್ಲಿ. ಮರಿಯ ತಾಯಿ ಸ್ವಲ್ಪ ಆಚೆ. ಎರಡು ಮುಖವನ್ನೂ ಕೊಡಲಿಯಿಂದ ಕೊಚ್ಚಿದ್ದರು. ಅವಸರದವರು ಹೇಗೆ ಕೆಲಸ ಮಾಡುತ್ತಾರೆ ಎಂದು ನಿನಗೆ ಬರೆದಿದ್ದೆನಲ್ಲ, ಅದೇ ರೀತಿ. ಮರಿ ತಾಯಿಯ ಪಕ್ಕ ನಿಂತಿತ್ತು. ನನ್ನನ್ನು ನೋಡಿ ತಾಯಿಯ ಹೊಟ್ಟೆಯ ಕೆಳಗೆ ನುಗ್ಗಲು ನೋಡಿತು, ಅಲ್ಲಿ ಜಾಗವಿರಲಿಲ್ಲ. ಹಾಲಿಲ್ಲದೆ ಬಳಲಿ ಸಂಜೆಯ ಹೊತ್ತಿಗೆ ಸತ್ತಿತು. ನಾನು ಏನೂ ಮಾಡಲಿಲ್ಲ ವೆಂಗಪಿ, ಪಕ್ಕದಲ್ಲಿ ಕೂತಿದ್ದೆ ಅಷ್ಟೆ. ನನ್ನ ಜನ್ಮಕ್ಕಿಷ್ಟು ಎಂದು ಗಟ್ಟಿಯಾಗಿ ಅತ್ತೆ.

ಗಾಡಿಯ ಚಕ್ರದ ಗುರುತು ಹಿಡಿದು ಹೋಗಿ ಕಡೆಗೆ ಆಫೀಸಿಗೆ ಹೇಳಿದೆ. ಸಮುದ್ರದ ದಂಡೆಯ ಉಪ್ಪುಮಣ್ಣಿನ ರಸ್ತೆಯಲ್ಲಿ ವ್ಯಾಪಾರಿ ಸಿಕ್ಕಿಬಿದ್ದ, ದಂತ ಆಡಿನ ಚರ್ಮದಡಿ ಇದ್ದವು. ಅವನಿಗೆ ಚಿಲುಮೆಯ ಸುದ್ದಿ ಕೊಟ್ಟವನು ಬೇರೆ ಯಾರೂ ಅಲ್ಲ, ನಾನೇ. ಬಟ್ಟೆ ಕಳಿಸಿದ ದಿನ ಅವನ ಜೊತೆ ಚಹಾ ಕುಡಿಯುತ್ತ, ಹರಕುಕಿವಿ ಹೋದ ಮೇಲೆ ಮಗಳು ಹಿಂಡನ್ನು ಚಿಲುಮೆಗೆ ಒಯ್ಯುತ್ತಾಳೆ, ಅಲ್ಲೇ ಇನ್ನೊಬ್ಬಳು ಮರಿ ಹಾಕುತ್ತಾಳೆ ಎಂದು ನನ್ನ ಬಾಯಿಂದಲೇ ಹೊರಬಿತ್ತು. ಜಂಬಕ್ಕೆ ಹೇಳಿದ್ದೆ. ಬಟ್ಟೆ ಎಲ್ಲಿಂದ ಎಂದು ಕೇಳಿದ್ದೆಯಲ್ಲ. ನನ್ನ ಚುಕ್ಕೆ ಎತ್ತನ್ನು ಅವನಿಗೆ ಮಾರಿದೆ. ಎತ್ತು ಮಾರಿಕೊಂಡವನು ಅನ್ನಿಸಿಕೊಳ್ಳಲು ನಾಚಿಕೆಯಾಗಿ ಹೇಳಲಿಲ್ಲ.

ಊರಿಗೆ ಬಂದಾಗ ಎಲ್ಲರೂ ಬೆಂಕಿಯ ಹತ್ತಿರ ಸೇರಿದ್ದರು. "ಕಾವಲುಗಾರ ಎಲ್ಲಿದ್ದ?" ಎಂದು ಮುದುಕರು ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಮಾವ, "ನಾನೇ ಅವನ್ನ ಬೇರೆ ಕೆಲಸಕ್ಕೆ ಕಳ್ಸಿದ್ದೆ. ತಪ್ಪು ನಂದು" ಅಂದರು. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ನಡಿ, ಗೋರಿ ಹತ್ರ ಹೋಗೋಣ. ದಾರಿ ನೀನು ನೋಡು" ಅಂದರು. ಆಗಲೇ ನನಗೆ ಕಣ್ಣಿನ ವಿಷಯ ಗೊತ್ತಾದದ್ದು. ಇಷ್ಟು ದಿನ ಅವರನ್ನೇ ನೋಡುತ್ತ ಬಿದ್ದಿದ್ದವನಿಗೆ ಅದೊಂದು ಕಂಡಿರಲಿಲ್ಲ.

ಅಮ್ಮನೂ ಬಂದಳು. ಇಬ್ಬರೂ ಸೇರಿ ಕಲ್ಲು ಸರಿಸಿದರು. ಅಡಿಯಲ್ಲಿ ಹರಕುಕಿವಿಯ ದಂತಗಳಿದ್ದವು, ದನದ ಚರ್ಮದಲ್ಲಿ ಸುತ್ತಿ ಹಿರಿಯರನ್ನು ಮಲಗಿಸುವ ಹಾಗೆ ಮಲಗಿಸಿದ್ದರು. ಅಮ್ಮ ಮೈಗೆ ಹಚ್ಚುವ ಪರಿಮಳದ ಮರದಂಟು ಆರಿಸಲು ಹೋದಾಗ ಕೊರಕಲಿನಲ್ಲಿ ಆ ಮುದಿ ಆನೆಯನ್ನು ನೋಡಿದ್ದಳಂತೆ. ಇನ್ನೂ ಜೀವ ಇತ್ತಂತೆ. ಗಾಯ ಇಲ್ಲ, ಗುಂಡಿಲ್ಲ. ಹಲ್ಲು ಸವೆದು ತಿನ್ನಲಾಗದೆ, ಮುದಿಯಾಗಿ ಸತ್ತಳು. ದಂತ ಸಡಿಲವಾಗುವವರೆಗೆ ಕಾದು ತೆಗೆದು, ಏಪ್ರಿಲ್‌ವರೆಗೆ ಮಾವನ ಗುಡಿಸಲಲ್ಲಿ ಬಚ್ಚಿಟ್ಟಿದ್ದರಂತೆ.

"ಆಚೆ ಕಣಿವೇಲಿ ಹಿಂಗೇ ಒಂದು ಮುದಿಯಾನೆ ಸತ್ತಾಗ ಏನಾಯ್ತು ನೆನಪೈತಾ?" ಅಂದರು ಮಾವ. "ಆಫೀಸಿನೋರು ದಂತ ತೆರೆದ ಗಾಡೀಲಿ ಹಾಕ್ಕೊಂಡು ಊರೂರ ಮೇಲೆ ಮೆರವಣಿಗೆ ಮಾಡಿದ್ರು. ನೋಡಿದೋರ ಕಣ್ಣಲ್ಲಿ ಆಸೆ ಹುಟ್ತು. ಮುಂದಿನ ವರ್ಷ ಆ ಕಣಿವೇಲಿ ಒಂದು ಆನೆನೂ ಉಳೀಲಿಲ್ಲ. ಅದಕ್ಕೇ ಹೂತಿಟ್ವಿ."

"ನಂಗ್ಯಾಕೆ ಹೇಳ್ಲಿಲ್ಲ?" ಅಂದೆ.

"ಹೇಳಿದ್ರೆ ಆಫೀಸಿನೋರ ಮುಂದೆ ನೀನು ಸುಳ್ಳು ಹೇಳ್ಬೇಕಾಗ್ತಿತ್ತು. ಸುಳ್ಳು ಹೇಳಕ್ಕೆ ಬರಲ್ಲ ಅಂತಾನೇ ನಿನ್ನ ಕಾವಲಿಗೆ ಹಾಕಿದ್ದು."

ನಾನು ಬಂಡೆಯ ಹಿಂದೆ ಇದ್ದದ್ದು ಅವರಿಗೆ ಗೊತ್ತಿತ್ತು ವೆಂಗಪಿ. ಮೊದಲ ದಿನವೇ ನನ್ನ ಕೆಮ್ಮು ಕೇಳಿಸಿತ್ತು. "ಒಣಮಾಂಸ ತಿಂದ್ಕೊಂಡು ಎಷ್ಟು ದಿನ ಇರ್ತಾನೆ ಅಂತ ಹಾಲು ಇಟ್ಟು ಬರ್ತಿದ್ದೆ. ಒಂದು ದಿನಾನೂ ಕುಡೀಲಿಲ್ಲ" ಅಂದರು. ಗೊತ್ತಿದ್ದರೆ ಯಾಕೆ ಕೂಗಲಿಲ್ಲ ಎಂದು ಕೇಳಿದೆ. "ನಂಗೂ ಹಟ ಬಂತು ಕಣೋ. ನಾನು ಸಾಕಿದ ಹುಡ್ಗ, ಅವನೇ ಇಳಿದು ಬಂದು ಕೇಳ್ಲಿ ಅಂತ ಕೂತೆ. ಚಿಲುಮೆ ಕಡೆ ಯಾರನ್ನಾದ್ರೂ ಬಿಟ್ಟಿರ್ತೀಯ ಅಂದ್ಕೊಂಡೆ."

ನಾನು ಯಾರನ್ನೂ ಬಿಟ್ಟಿರಲಿಲ್ಲ.

ಉಳಿದ ಆನೆಗಳು ಕೆಳಗಿನ ನದಿಯಲ್ಲಿ ಅಲೆಯುತ್ತಿವೆ. ದೂರದ ನೀರಿಗೆ ದಾರಿ ಗೊತ್ತಿದ್ದವರು ಇಬ್ಬರೂ ಹೋದರು. ಒಣಮರಳು ಅಗೆಯುತ್ತವೆ, ನೀರು ಸಿಗದೆ ನಿಂತುಬಿಡುತ್ತವೆ. ನನ್ನ ಗಾಳಿ ಸೋಕಿದರೂ ಓಡುತ್ತವೆ. ಮಾವ ತಮ್ಮ ತೋಟದ ಬೇಲಿ ಕೀಳಿಸಿ ಬಾವಿಯನ್ನು ಅವಕ್ಕೆ ಬಿಟ್ಟುಕೊಟ್ಟಿದ್ದಾರೆ. ಕುಂಬಳ, ಜೋಳ ಎಲ್ಲ ತುಳಿದು ಹಾಳಾಯಿತು. "ಕುಡೀಲಿ" ಅನ್ನುತ್ತಾರೆ.

ಆಸ್ಪತ್ರೆಗೆ ನಾನೇ ಕರೆದುಕೊಂಡು ಬರಬೇಕು ಎಂದು ಮಾವನಿಗೆ ಆಸೆ. ನನಗೆ ನಿನ್ನ ಎದುರು ನಿಲ್ಲಲು ಮುಖವಿಲ್ಲ, ಆನೆಗಳನ್ನು ಬಿಟ್ಟು ಬರುವುದಕ್ಕೂ ಈಗ ಆಗುವುದಿಲ್ಲ. ಅಮ್ಮ ಬರುತ್ತಾಳೆ. ನಮ್ಮ ಮಾತಿನ ವಿಷಯ ನಾನು ಇನ್ನು ಕೇಳುವುದಿಲ್ಲ. ನೀನೇ ಏನಾದರೂ ಹೇಳುವುದಿದ್ದರೆ ಹೇಳು.

ಮುತಾಂಬೊ


ವಾಲ್ವಿಸ್ ಬೇ
23 ಆಗಸ್ಟ್ 1987

ಬಾವ,

ಅಪ್ಪನ ಕಣ್ಣಿನ ಪಟ್ಟಿ ಬಿಚ್ಚಿದರು. ಮೊದಲು ನೋಡಿದ್ದು ಅತ್ತೆಯನ್ನು. "ಯಾವಾಗ ಇಷ್ಟು ಮುದುಕಿ ಆದೆ?" ಅಂದ. ಅತ್ತೆ ಮೂರು ದಿನ ಅವನ ಜೊತೆ ಮಾತು ಬಿಟ್ಟಳು. ನನ್ನನ್ನು ನೋಡಿ, ಮೀನು ತಿಂದು ದಪ್ಪಗಾಗಿದ್ದೀಯ ಅಂದ. ಸಮುದ್ರ ತೋರಿಸಿದರೆ ಇಷ್ಟೊಂದು ನೀರು ಕುಡಿಯೋಕೆ ಬರೋದಿಲ್ಲವಾ, ದಂಡ ಎಂದು ಬೈದ. ಅವನು ಚೆನ್ನಾಗಿದ್ದಾನೆ.

ನಿನ್ನ ಕಾಗದಗಳನ್ನು ಓದು ಅಂದ. ಓದಿದೆ. ಕೆಲವು ಕಡೆ ನಾನು ಹಾರಿಸಿ ಓದುತ್ತಿದ್ದೆ, ತಕ್ಷಣ ಗೊತ್ತಾಗಿ, "ಬಿಡಬೇಡ. ಎಲ್ಲ ಓದು" ಅಂದ. ಕತ್ತೆಯ ಗೊರಸು, ಕಲ್ಲು ಸವರಿದ್ದು, ಎಲ್ಲ. ನಾನು ನಿನಗೆ ಬರೆದದ್ದನ್ನೂ ಹೇಳಿದೆ, ದನದ ಮಾತನ್ನೂ ಮುಚ್ಚಿಡಲಿಲ್ಲ. ಅದನ್ನು ಹೇಳುವಾಗ ನನಗೆ ನಾಚಿಕೆಯಾಯಿತು. ಆ ಸಾಲಿಗೆ ನಿನ್ನ ಕ್ಷಮೆ ಕೇಳುತ್ತೇನೆ. ಫೆಬ್ರವರಿಯ ಸುಳ್ಳಿಗೂ ಕೇಳುತ್ತೇನೆ. ಅದೊಂದು ಹೇಳದಿದ್ದರೆ ನೀನು ಗುಡ್ಡ ಹತ್ತುತ್ತಿರಲಿಲ್ಲವೇನೋ. ಮರಿಯ ಸಾವು ನಿನ್ನೊಬ್ಬನ ತಲೆಯ ಮೇಲೆ ಬೇಡ, ನನ್ನದೂ ಪಾಲಿದೆ. ರಾತ್ರಿಪಾಳಿ ಮುಗಿದು ಬಂದರೂ ಅದೇ ಕಣ್ಣಮುಂದೆ ಬರುತ್ತದೆ.

ಎಲ್ಲ ಕೇಳಿ ಅಪ್ಪ ಬಂಡೆಯ ಮಾತಿರುವ ಕಾಗದವನ್ನು ಇನ್ನೊಮ್ಮೆ ಓದಿಸಿಕೊಂಡ. ಆಮೇಲೆ ಅಂದ, "ಅಷ್ಟು ದಿನ ಬಿಸಿಲು ಚಳಿ ಅನ್ದೆ ಬಂಡೆ ಮೇಲೆ ಬಿದ್ದಿದ್ದ ನೋಡು. ಕಾವಲಿಗೆ ಸರಿಯಾದೋನ್ನೇ ಹಾಕಿದ್ದೆ. ಮುಖ ಮಾತ್ರ ನನ್ನ ಕಡೆ ತಿರುಗ್ಸಿಕೊಂಡಿದ್ದ." ನಗಲಿಲ್ಲ, ಬೈಯಲೂ ಇಲ್ಲ. ಕಾವಲಿನ ಕೆಲಸ ನಿನ್ನದೇ, ಬೇರೆಯವರಿಗೆ ಕೊಡುವುದಿಲ್ಲವಂತೆ. ಮುಂದಿನ ಲಾರಿಗೆ ಅವನೂ ಅತ್ತೆಯೂ ಹೊರಡುತ್ತಾರೆ. ಇಳಿದ ತಕ್ಷಣ ನೋಡಬೇಕಾದ್ದು ಉಳಿದ ಆನೆಗಳನ್ನಂತೆ. ನೀನು ಜೊತೆಗಿರಬೇಕು ಅಂದಿದ್ದಾನೆ.

ಇನ್ನು ನಮ್ಮ ಮಾತು. ಬಟ್ಟೆ ಪೆಟ್ಟಿಗೆಯಲ್ಲಿದೆ. ಎತ್ತು ಮಾರಿದೆ ಎಂದು ಓದಿದ ದಿನ ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಕತ್ತರಿಯೂ ಕೈಯಲ್ಲಿತ್ತು. ನಿನ್ನ ಮೇಲೆ ಪ್ರೀತಿ ಇಲ್ಲ ಎಂದು ಹೇಳಿದರೆ ಅದು ನನ್ನ ಎರಡನೇ ಸುಳ್ಳಾಗುತ್ತದೆ. ಆದರೂ ಕತ್ತರಿಸಲಿಲ್ಲ.

ಯಾಕೆಂದು ಹೇಳುತ್ತೇನೆ. ನಿನ್ನನ್ನು ಹೆಗಲ ಮೇಲೆ ಹೊತ್ತವನು ಅಪ್ಪ. ನಿನಗೆ ಸುಳ್ಳೇ ಹೇಳದವಳು ಅತ್ತೆ. ಅವರಿಬ್ಬರು ಒಂದು ದಿನ ಕತ್ತೆ ಹೊಡೆದುಕೊಂಡು ಬಂದದ್ದಕ್ಕೆ ನೀನು ಬಂಡೆಯ ಹಿಂದೆ ಹೊಂಚುಹಾಕಿ ಮಲಗಿದೆ. ನಾನಂತೂ ನಿನಗೆ ಆಗಲೇ ಒಂದು ಸುಳ್ಳು ಹೇಳಿದವಳು. ಮದುವೆಯಾಗಿ ಬಂದ ಮೇಲೆ ಒಂದು ಸಂಜೆ ನೀರು ತರಲು ಹೋದವಳು ತಡವಾಗಿ ಬಂದೆ ಅಂದುಕೋ. ಯಾಕೆ ತಡ ಎಂದು ಹೇಳಲು ನನಗೆ ಮನಸ್ಸಿಲ್ಲ ಅಂದುಕೋ. ಆಗ ನೀನು ಒಳಗೆ ಬಂದು ಎದುರಿಗೆ ಕೂರುತ್ತೀಯಾ, ಇಲ್ಲಾ ಯಾವ ಗುಡ್ಡ ಹತ್ತುತ್ತೀಯ?

ನನ್ನನ್ನೂ ಇದೇ ಪ್ರಶ್ನೆ ಕೇಳು. ನನಗೂ ಉತ್ತರ ಗೊತ್ತಿಲ್ಲ. ಬಾಯಿಗೆ ಬಂದದ್ದನ್ನು ಬರೆದು ಈ ಲಾರಿಗೇ ಕಳಿಸಬೇಡ. ನಿಜ ಅನ್ನಿಸಿದ ದಿನ ಬರೆ. ಅಲ್ಲಿಯವರೆಗೆ ನಾನು ಇಲ್ಲೇ ಇರುತ್ತೇನೆ.

ವೆಂಗಪಿ